ಅವ್ವನ ಉಡಿ

ಅವ್ವನ ತಲೆಗೆ ರುಮಾಲು ಸುತ್ತಿದ್ದನ್ನು ನಾನು ಎರಡು ಸಲ ನೋಡಿದ್ದೇನೆ. ಎರಡು ಸಲವೂ ರಕ್ತ ಹರಿಯಿತು. ಮೊದಲನೆಯ ಸಲ ಹರಿದದ್ದು ಅವಳದೇ.

ಅವ್ವ ನನ್ನ ಹೆತ್ತವಳಲ್ಲ. ನಾವಿಬ್ಬರೂ ಜೋಗಪ್ಪಗಳು, ಗಂಡಾಗಿ ಹುಟ್ಟಿ, ಎಲ್ಲಮ್ಮನ ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟವರು. ಪಾಲಬಾವಿಯ ಕಬ್ಬಿನ ಮನೆತನ ನನ್ನದು. ಅಲ್ಲಿಂದ ನನ್ನನ್ನು ಬಡಿದು ಹೊರಗೆ ಹಾಕಿದಾಗ ನಿಪ್ಪಾಣಿಯ ತನ್ನ ಕೋಣೆಗೆ ಕರೆದು, ಗಾಯಕ್ಕೆ ಅರಿಷಿಣ ಮೆತ್ತಿ, ರೊಟ್ಟಿ ಹಾಕಿದವಳು ಅವಳು.

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಅವಳ ತಾಯಿ ಸತ್ತ ಸುದ್ದಿ ಬಂತು. ಮುಖವಾದರೂ ನೋಡಿ ಬರೋಣ ಎಂದು ಬಸ್ಸು ಹತ್ತಿದೆವು. ರಾಯಬಾಗದ ಸ್ಟ್ಯಾಂಡಿನಲ್ಲಿ ಇಳಿಯುತ್ತಲೇ ಅವಳ ತಮ್ಮಂದಿರು ಅವಳನ್ನು ಹಿಡಿದರು. ಚಿತೆಗೆ ಬೆಂಕಿ ಇಡಲು ಅವರಿಗೆ ಹಿರಿಮಗ ಬೇಕಾಗಿತ್ತು, ಸೀರೆ ಉಟ್ಟವಳು ಬೇಡವಾಗಿತ್ತು. ಟ್ರ್ಯಾಕ್ಟರಿನ ಟ್ರೇಲರಿಗೆ ಎತ್ತಿ ಒಗೆದು ಸೀರೆ ಸೆಳೆದರು. ಕಬ್ಬು ಕಡಿಯುವ ಕೊಯ್ತಾದಿಂದ ಜಡೆ ಕೊಯ್ದರು. ಜೊತೆಗೆ ಕಿವಿಯ ತುದಿಯೂ ಹೋಯಿತು. ‘ಗಂಡಸಾಗಿ ನಿಲ್ಲಲೇ’ ಎನ್ನುತ್ತ ಎತ್ತಿಗೆ ಹೊಡೆಯುವ ಬಾರಕೋಲಿನಿಂದ ಬಾರಿಸಿದರು, ಬೆನ್ನಿನ ಚರ್ಮ ಎದ್ದು ಬರುವ ತನಕ. ಆಮೇಲೆ ಧೋತರ ಸುತ್ತಿ, ತಲೆಗೆ ರುಮಾಲು ಬಿಗಿದು, ಕೈಗೆ ಕೊಳ್ಳಿ ಕೊಟ್ಟರು. ಬಿಡಿಸಲು ಹೋದ ನನ್ನ ಮುಂದಿನ ಹಲ್ಲು ಅಲ್ಲೇ ಉದುರಿತು. ಅವರ ಕೈ ಸೇದಿ ಹೋಗಲಿ ಎಂದು ಇವತ್ತಿಗೂ ಶಪಿಸುತ್ತೇನೆ.

ಆ ಬೆನ್ನು ಹೊತ್ತುಕೊಂಡೇ ಅವ್ವ ಊರೂರು ತಿರುಗಿದಳು. ಚಿಕ್ಕೋಡಿಯಿರಲಿ, ಅಥಣಿಯಿರಲಿ, ನಮ್ಮವರಿಗೆ ಏಟು ಬಿದ್ದಲ್ಲಿ ಹೋಗಿ ಠಾಣೆಯ ಮುಂದೆ ಕೂತುಬಿಡುತ್ತಿದ್ದಳು. ಗಂಡಸನ್ನು ಪ್ರೀತಿಸಿದ್ದಕ್ಕೆ ಒದೆ ತಿಂದ ಗಂಡಸರಿಗೂ ಅವಳ ಕೋಣೆಯೇ ಗತಿ. ಏಡ್ಸ್ ಬಂದು ಸತ್ತವರನ್ನು ಮನೆಯವರೇ ಮುಟ್ಟದಿದ್ದಾಗ ಅವಳು ಮೈ ತೊಳೆದಳು.

ತೊಂಬತ್ತರ ದಶಕದ ಕೊನೆಗೆ ನಾವೆಲ್ಲ ಸೇರಿ ನಿಪ್ಪಾಣಿಯಲ್ಲಿ ಹಾಡುಹಗಲೇ ಚೌಡಿಕೆ ಬಾರಿಸುತ್ತ ಮೆರವಣಿಗೆ ತೆಗೆದೆವು. ನಮ್ಮವರಿಗಾಗಿ ದುಡಿದವರಿಗೆ ಸತ್ಕಾರ ಇಟ್ಟುಕೊಂಡಿದ್ದೆವು. ತಂಬಾಕು ತುಂಬಿಡುವ ವಖಾರಿಯ ಸಾವಕಾರ ತನ್ನ ಅಂಗಳ ಬಿಟ್ಟುಕೊಟ್ಟಿದ್ದ. ಒಳ್ಳೆಯ ಮನುಷ್ಯ, ಸುಳ್ಳು ಯಾಕೆ ಹೇಳಲಿ.

ನಮ್ಮ ಕಡೆ ಸತ್ಕಾರವೆಂದರೆ ಗಂಡಸಿನ ತಲೆಗೆ ಫೇಟಾ, ಅಂದರೆ ರುಮಾಲು ಕಟ್ಟುತ್ತಾರೆ. ಹೆಂಗಸಿನ ಸೆರಗಿಗೆ ಅಕ್ಕಿ, ಕುಪ್ಪಸದ ಕಣ, ತೆಂಗಿನಕಾಯಿ ಹಾಕಿ ಉಡಿ ತುಂಬುತ್ತಾರೆ. ಅವ್ವ ತಲೆಯ ಮೇಲೆ ಹೊತ್ತು ತಿರುಗಿದ ದೇವಿಗೆ ಎಷ್ಟೋ ಮನೆಯವರು ಉಡಿ ತುಂಬಿದ್ದರು. ಹೊತ್ತವಳ ಸೆರಗಿಗೆ ಯಾರೂ ಒಂದು ಕಾಳು ಹಾಕಿರಲಿಲ್ಲ.

ಅವತ್ತು ಹಸಿರು ಸೀರೆಯ ನಿರಿಗೆ ಹಿಡಿಯುತ್ತ ಕೇಳಿದಳು, ‘ನನಗ ಉಡಿ ತುಂಬ್ತಾರೇನವಾ?’

‘ತುಂಬದ ಏನ ಮಾಡ್ತಾರ, ಸುಮ್ನ ನಡಿ’ ಎಂದೆ.

ಸಾವಕಾರ ಅವಳ ಕೈಗೆ ತೆಂಗಿನಕಾಯಿ ಕೊಟ್ಟ. ಮೈಕಿನಲ್ಲಿ, ‘ಗಂಡಸರೂ ಮಾಡಲಾರದ ಕೆಲಸ ಮಾಡ್ಯಾರ ಇವರು. ಅದಕ್ಕ ಇವರಿಗೆ ಫೇಟಾ’ ಎಂದ. ಅದೇ ದೊಡ್ಡ ಮರ್ಯಾದೆ ಎಂದು ಅವನ ಲೆಕ್ಕ. ಹಿಂದಿನಿಂದ ಬಂದು ಕೇಸರಿ ರುಮಾಲನ್ನು ಅವಳ ಹಣೆಗೆ ಸುತ್ತಿ ಬಿಗಿದ.

ಅವ್ವ ತಿರುಗಿದವಳೇ ಕೈಯಲ್ಲಿದ್ದ ಕಾಯಿಯಿಂದ ಅವನ ಹಣೆಗೆ ಅಪ್ಪಳಿಸಿದಳು. ಕಾಯಿ ಒಡೆಯಲಿಲ್ಲ, ಹಣೆ ಒಡೆಯಿತು. ಬಿಳಿ ಅಂಗಿ ಹೊಟ್ಟೆಯವರೆಗೆ ಕೆಂಪಾಯಿತು. ವಖಾರಿಯ ಹಮಾಲರು ವೇದಿಕೆಗೆ ನುಗ್ಗಿದರು. ಕುರ್ಚಿಗಳು ಹಾರಿದವು, ಚೌಡಿಕೆಯ ಚರ್ಮ ಹರಿಯಿತು. ಒಬ್ಬ ಅವ್ವನ ಜಡೆ ಹಿಡಿದು ನೆಲಕ್ಕೆ ಕೆಡವಿ ಪಕ್ಕೆಗೆ ಒದ್ದ. ನಾನು ಅವನ ಕೈ ಕಚ್ಚಿದೆ. ಹಲ್ಲು ಕಮ್ಮಿ ಇದ್ದರೂ ರಕ್ತ ಬರುವಂತೆಯೇ ಕಚ್ಚಿದೆ.

ಆಮೇಲೆ ಮೈಕು ಕಿತ್ತುಕೊಂಡು, ಟ್ರೇಲರು, ಕೊಯ್ತಾ, ಬಾರಕೋಲು, ರುಮಾಲು, ಎಲ್ಲವನ್ನೂ ಕಿರುಚಿ ಹೇಳಿದೆ. ಅವ್ವನ ಸೆರಗು ಸರಿಸಿ ಬೆನ್ನಿನ ಕಲೆ ತೋರಿಸಿದೆ.

ಸಾವಕಾರ ಹಣೆ ಒತ್ತಿಕೊಂಡು, ‘ಥಾಂಬಾ ರೇ, ನಿಲ್ರಿ. ಅಕೀನ್ನ ಬಿಡ್ರಿ’ ಎಂದ.

ಅಷ್ಟರಲ್ಲಿ ಅವನ ಹೆಂಡತಿ ಮೆಟ್ಟಿಲು ಹತ್ತಿ ಬಂದಳು. ಇವಳೂ ಹೊಡೆಯುತ್ತಾಳೆ ಎಂದು ನಾನು ಅಡ್ಡ ನಿಂತೆ. ಆಕೆ ನನ್ನನ್ನು ಸರಿಸಿ, ಗಂಡನ ರಕ್ತ ಮೆತ್ತಿದ ಕಾಯಿಯನ್ನು ಎತ್ತಿಕೊಂಡು ತಂಬಿಗೆಯ ನೀರಿನಿಂದ ತೊಳೆದಳು. ನಂತರ ನೆಲಕ್ಕೆ ಬಿದ್ದಿದ್ದ ಅವ್ವನ ಮುಂದೆ ಕೂತು, ‘ಸೆರಗ ಹಿಡೀರಿ ಅಕ್ಕಾರ’ ಎಂದಳು.

ಅವ್ವ ಹಿಡಿದಳು. ಆ ಹರಿದ ಸೆರಗಿಗೇ ಆಕೆ ಅಕ್ಕಿ, ಕುಪ್ಪಸದ ಕಣ, ತೊಳೆದ ಕಾಯಿ ಹಾಕಿ ಉಡಿ ತುಂಬಿದಳು. ಅವ್ವನ ತುಟಿಯ ರಕ್ತ ಕಣದ ಮೇಲೆ ಹನಿಯಿತು.

ಆಸ್ಪತ್ರೆಗೆ ಹೋಗುವ ಟೆಂಪೋದಲ್ಲಿ ಅವ್ವ ಮುರಿದ ಪಕ್ಕೆ ಹಿಡಿದುಕೊಂಡು ಮುಲುಗುತ್ತಿದ್ದಳು. ‘ಭಾರ ಆಗೇತಿ, ನಾ ಹಿಡ್ಕೋತೀನಿ ತಾ’ ಎಂದು ತುಂಬಿದ ಸೆರಗಿಗೆ ಕೈ ಚಾಚಿದೆ.

‘ಕೈ ತಗಿ’ ಎಂದಳು. ‘ನನ್ನ ಉಡಿ ಐತಿ ಇದು.’