ಬೇಡರ ಜಾಡಿನಲ್ಲಿ ಸಿಕ್ಕವನು

ದೆವ್ವ ಪಿಶಾಚಿಗಳ ಮಾತು ಬಂದರೆ ಎದ್ದು ಹೋಗುತ್ತಿದ್ದವನು ನಾನು. ಈಗಲೂ ಅವನ್ನು ನಂಬುತ್ತೇನೆಂದು ಹೇಳಲಾರೆ. ಆದರೆ ಮಲ್ಲಿಪಟ್ಟಣದ ಕಡೆಯ ಒಂದು ಬೆಟ್ಟದಲ್ಲಿ ನಡೆದದ್ದನ್ನು ನೆನೆದರೆ ನನ್ನ ವಾದ ಅರ್ಧಕ್ಕೇ ನಿಂತುಬಿಡುತ್ತದೆ.

ಅದು ಎರಡನೇ ಮಹಾಯುದ್ಧದ ಕಾಲ. ಮೈಸೂರಿನಲ್ಲಿ ಓದುತ್ತಿದ್ದ ನಾನು ರಜೆಗೆ ಸೋದರಮಾವನ ಊರಿಗೆ ಬಂದಿದ್ದೆ. ಊರ ಹಿಂದಿನ ಬೆಟ್ಟದಲ್ಲಿ ಬೇಡರ ಜಾಡು ಎನ್ನುವ ಹಾದಿಯಿತ್ತು. ತಲೆತಲಾಂತರದಿಂದ ಬೇಡರು ಬಲೆ ಹೊತ್ತು, ನಾಯಿಗಳ ಜೊತೆ ಹಂದಿ ಬೇಟೆಗೆ ಹೋಗುತ್ತಿದ್ದ ಹಾದಿ. ಸರ್ಕಾರ ಕಾಡಿಗೆ ಕಾವಲು ಹಾಕಿದ ಮೇಲೆ ಅವರು ಕೂಲಿಗೆ ಇಳಿದರು, ಹಾದಿಯಲ್ಲಿ ಲಂಟಾನ ಬೆಳೆಯಿತು. ಅದನ್ನೊಮ್ಮೆ ಹತ್ತಿ ನೋಡಬೇಕೆನಿಸಿ, ಅತ್ತೆ ಕಟ್ಟಿಕೊಟ್ಟ ರೊಟ್ಟಿ ಹಿಡಿದು ಬೆಳಗ್ಗೆ ಒಬ್ಬನೇ ಹೊರಟೆ.

ಬಂಡೆಗಳಲ್ಲಿ ಕಾಲಿಡಲು ಕೊರೆದ ಗುಳಿಗಳಿದ್ದವು. ಮೇಲೆ, ಹಂದಿಗೆ ಹೊಂಚುಹಾಕಲು ಕಲ್ಲು ಪೇರಿಸಿದ ಮೋಟುಗೋಡೆ. ಅದಕ್ಕೆ ಒರಗಿ ರೊಟ್ಟಿ ತಿನ್ನುತ್ತಿದ್ದಾಗ ಮಂಜು ಕವಿಯಿತು. ಏಳುವಷ್ಟರಲ್ಲಿ ಗೋಡೆಯಾಚೆ ಒಬ್ಬ ನಿಂತಿದ್ದ. ಹರೆಯದವನು, ಹೆಗಲ ಮೇಲೆ ಬಲೆ, ಎಡಗೈಯಲ್ಲಿ ಮಚ್ಚು. ನನ್ನ ಕೈಯಲ್ಲಿದ್ದ ರೊಟ್ಟಿಯನ್ನೇ ನೋಡಿದ. ನಾನು ಉಳಿದದ್ದನ್ನು ಗಂಟು ಕಟ್ಟಿದೆ.

“ಇತ್ತಾಗೆ ಬನ್ನಿ ಬುದ್ಧಿ. ಅತ್ಲಾಗೆ ಕಾಲಿಟ್ರೆ ಕಮರಿ,” ಎಂದ.

ಅವನ ಹಿಂದೆಯೇ ಇಳಿದೆ. ಮಂಜು ತೆಳುವಾಗಿ ಕೆಳಗೆ ಬೇಡರ ಗುಡಿಸಲುಗಳು ಕಂಡವು. ಮುಂದೆ ನಡೆಯುತ್ತಿದ್ದವನು ಮಾತ್ರ ಇರಲಿಲ್ಲ. ಪಕ್ಕಕ್ಕೆ ಸರಿದು ಹೋಗಲು ಅಲ್ಲಿ ದಾರಿಯೂ ಇರಲಿಲ್ಲ, ಎರಡು ಕಡೆಯೂ ಬರೀ ಬಂಡೆ.

ಮೊದಲ ಗುಡಿಸಲಿನ ಮುಂದೆ ಕೆಂಚಮ್ಮನೆಂಬ ಮುದುಕಿ ರಾಗಿ ಕೇರುತ್ತಿದ್ದಳು. ನೀರು ಕೇಳಿ ಕುಡಿದು, ನಿಮ್ಮವನೊಬ್ಬ ನನ್ನನ್ನು ಉಳಿಸಿದ ಎಂದು ಅವನ ಚಹರೆ ಹೇಳಿದೆ. ಅವಳ ಮೊರ ನಿಂತಿತು.

“ಮಚ್ಚು ಎಡಗೈಲಿತ್ತಾ?”

“ಹೌದು.”

“ಅವನು ನನ್ನ ಮಗ ಬುದ್ಧಿ. ಎಲ್ಲಾರೂ ಬ್ಯಾಟೆ ಬುಟ್ರು, ಅವನು ಬುಡ್ನಿಲ್ಲ. ಬೆಟ್ಟ ಅತ್ತಿದೋನು ತಿರುಗಿ ಬರ್ನಿಲ್ಲ.” ಮೊರ ಕೆಳಗಿಟ್ಟು ಕೇಳಿದಳು: “ಏನಾರ ತಿಂದ್ನಾ?”

ಇಲ್ಲ ಎಂದೆ. ಅವಳು ಒಳಗೆ ಹೋಗಿ ಬಟ್ಟಲಲ್ಲಿ ಮುದ್ದೆ ಹಾಕಿಕೊಂಡು ಬಂದು, ಎಲೆ ಮುಚ್ಚಿ, ಬೆಟ್ಟ ಹತ್ತತೊಡಗಿದಳು. ಬೇರೆ ಯಾರೋ ಇರಬೇಕು ಎಂದು ಕೂಗಿ ಹೇಳಿದೆ. ಅವಳು ತಿರುಗಲಿಲ್ಲ.

ಮನೆಗೆ ಬಂದು ನಡೆದದ್ದನ್ನು ಹೇಳಿದಾಗ, “ಯಾಕೋ ಅವಳಿಗೆ ಹೇಳ್ದೆ?” ಎಂದರು ಮಾವ. “ಅವನು ಹೋದಾಗ ನೀನಿನ್ನೂ ಕೂಸು. ಈಗೀಗ ಮರೀತಿದ್ಲು ಕಣೋ.”

ಮುಸ್ಸಂಜೆಗೆ ಅವಳು ಖಾಲಿ ಬಟ್ಟಲು ಹಿಡಿದು ಇಳಿದಳು. ನರಿ ತಿಂದಿರಬಹುದು. ಮರುದಿನ ಗುಡಿಸಲಿನವರೆಲ್ಲ ಬೆಟ್ಟ ಜಾಲಾಡಿದರೂ ಒಂದು ಹೆಜ್ಜೆ ಗುರುತೂ ಸಿಗಲಿಲ್ಲ. ಆದರೂ ಅವಳು ಹತ್ತುವುದನ್ನು ಬಿಡಲಿಲ್ಲ. ಪ್ರತಿ ರಜೆಯಲ್ಲೂ ನೋಡುತ್ತಿದ್ದೆ, ಅವಳ ಬೆನ್ನು ಇನ್ನಷ್ಟು ಬಾಗಿರುತ್ತಿತ್ತು. ಒಮ್ಮೆ ತಡೆಯಲಾರದೆ ದಾರಿಗೆ ಅಡ್ಡ ನಿಂತೆ.

“ಅವತ್ತು ಮಂಜಿತ್ತಮ್ಮ. ನಾನು ಸರಿಯಾಗಿ ನೋಡಲಿಲ್ಲ.”

ಅವಳು ನನ್ನ ಕೈ ಹಿಡಿದುಕೊಂಡಳು. “ನೀವು ಯೋಳ್ದೆ ಇದ್ದಿದ್ರೆ ನನ್ನ ಕೂಸು ಅಸ್ಕಂಡೇ ಇರ್ತಿತ್ತು ಬುದ್ಧಿ. ನಿಮ್ಮ ಒಟ್ಟೆ ತಣ್ಣಗಿರ್ಲಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮುಂದಿನ ಮಳೆಗಾಲದಲ್ಲಿ ಅವಳು ಇಳಿದು ಬರಲಿಲ್ಲ. ಹುಡುಕಿಕೊಂಡು ಹೋದವರಿಗೆ ಮೋಟುಗೋಡೆಗೆ ಒರಗಿ ಕುಳಿತಂತೆಯೇ ಸಿಕ್ಕಳಂತೆ, ಜೀವವಿರಲಿಲ್ಲ. ಎದುರಿಗೆ ಎರಡು ಎಲೆ ಹಾಸಿತ್ತು, ಎರಡರಲ್ಲೂ ಉಂಡ ಗುರುತಿತ್ತು ಎಂದು ಮಾವ ಹೇಳಿದರು. ನನ್ನ ಸಮಾಧಾನಕ್ಕೆಂದು ಹಾಗೆ ಹೇಳಿದರೋ ಏನೋ, ಮತ್ತೆ ಕೇಳಲು ನನಗೆ ಧೈರ್ಯವಾಗಲಿಲ್ಲ. ಆ ದಿನ ನನ್ನನ್ನು ಇಳಿಸಿದವನು ಯಾರೆಂದು ಇವತ್ತಿಗೂ ತಿಳಿಯದು. ಅವಳನ್ನು ಹತ್ತಿಸಿದವನು ನಾನು ಎಂಬುದಷ್ಟೇ ಗೊತ್ತು.