ಐದು ಮೀಟರಿನ ಒಳಗೆ

ಸರ್ವೆ ಕೆಲಸದವರಿಗೆ ಒಂದು ಕೊಬ್ಬು ಇರುತ್ತದೆ. ನನಗೆ ಸ್ವಲ್ಪ ಜಾಸ್ತಿಯೇ ಇತ್ತು. ಯಲಹಂಕದ ಒಂದು ಸಣ್ಣ ಕಚೇರಿಯ ಪರವಾಗಿ ಜಮೀನು, ಲೇಔಟು ಅಳೆಯುತ್ತಿದ್ದೆ. ಕೈಯಲ್ಲಿ ಮೊಬೈಲಿಗಿಂತ ತುಸು ದಪ್ಪದ ಜಿಪಿಎಸ್ ಯಂತ್ರ. ಅದನ್ನು ಹಿಡಿದು ನಿಂತರೆ ಊರಿನ ಹಿರಿಯರೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ನಾನೋ, ಉಪಗ್ರಹಗಳನ್ನು ನಾನೇ ಹಾರಿಸಿದವನ ಹಾಗೆ ಮುಖ ಮಾಡಿಕೊಂಡು ಓಡಾಡುತ್ತಿದ್ದೆ.

ವಿಮಾನ ನಿಲ್ದಾಣ ದೇವನಹಳ್ಳಿ ಕಡೆಗೆ ಹೋದ ಮಾರನೇ ವರ್ಷ ಅಕ್ಕನ ಮಗಳು ಡೆಂಗಿ ಜ್ವರದಲ್ಲಿ ತೀರಿಕೊಂಡಳು. ಎರಡೂವರೆ ವರ್ಷ. ಕೊಡಿಗೇಹಳ್ಳಿ ಭಾವನ ಊರು; ಊರಾಚೆಯ ಹಳೆಯ ಸ್ಮಶಾನದಲ್ಲಿ ಮಣ್ಣು ಮಾಡುವುದೆಂದಾಯಿತು. ಮಕ್ಕಳ ಗುಂಡಿಗೆ ಕಲ್ಲು ನೆಡುವ ಪದ್ಧತಿ ಅವರ ಮನೆಯಲ್ಲಿಲ್ಲ. ನಾಯಿ ಕೆದಕದಂತೆ ಮುಳ್ಳು ಹೊದಿಸಿ ಬರುತ್ತಾರೆ. ಎರಡು ಮಳೆಗಾಲ ಕಳೆದರೆ ನೆಲ ಸಮವಾಗಿರುತ್ತದೆ.

ಅಕ್ಕ ಬಾಗಿಲಲ್ಲೇ ಭಾವನ ತೋಳು ಹಿಡಿದುಕೊಂಡಳು. "ಒಂದು ಗುಂಡ್ಕಲ್ಲಾದ್ರೂ ಇಟ್ಬಿಟ್ಟು ಬನ್ರೀ. ನಾಳೆ ನಾನು ಎಲ್ಲಿ ಅಂತ ಹುಡುಕ್ಕೊಂಡು ಹೋಗ್ಲಿ?" ಹಿರಿಯರು ಗೊಣಗಿದರು. ಭಾವ ಇನ್ನೇನು ಒಪ್ಪುವವರೇ ಇದ್ದರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಮುಚ್ಚಲಿಲ್ಲ. "ಕಲ್ಲು ಯಾಕಕ್ಕಾ, ನಾನು ಪಾಯಿಂಟ್ ತಗೊಂಡು ಬರ್ತೀನಿ. ಮೇಲೆ ಉಪಗ್ರಹ ಇರೋ ತನಕ ಅವಳು ಕಳ್ದುಹೋಗಲ್ಲ" ಎಂದೆ. ಎಲ್ಲರಿಗೂ ನಿರಾಳವಾಯಿತು, ಅಕ್ಕನೂ ಕೈ ಬಿಟ್ಟಳು. ಮಣ್ಣು ಮುಚ್ಚಿದ ಮೇಲೆ ಅಲ್ಲಿ ನಿಂತು ಯಂತ್ರದ ಅಂಕಿಯನ್ನು ಚೀಟಿಯಲ್ಲಿ ಬರೆದು ತಂದು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ದೇವರ ಪಟದ ಹಿಂದೆ ಇಟ್ಟಳು.

ಹದಿನೈದು ದಿನದ ಮೇಲೆ ಅದೇನು ಅಂಕಿ ಅಂತ ಕೇಳಿದಳು. ಅಳುತ್ತಿದ್ದವಳ ಮುಂದೆ ಕೂತು ಪಾಠ ಮಾಡಿದೆನಲ್ಲ, ನನ್ನ ಬುದ್ಧಿಗಿಷ್ಟು! ಒಂದೊಂದು ಉಪಗ್ರಹವೂ 'ನಾನು ಇಂಥ ಕಡೆ ಇದ್ದೇನೆ, ಈಗ ಇಷ್ಟು ಗಂಟೆ' ಎಂದು ಸದಾ ಕೂಗುತ್ತಿರುತ್ತದೆ. ಆ ಕೂಗು ನಮ್ಮನ್ನು ಮುಟ್ಟಲು ಎಷ್ಟು ಹೊತ್ತು ಹಿಡಿಯಿತೋ ಅದರಿಂದ ಯಂತ್ರ ದೂರವನ್ನು ಲೆಕ್ಕ ಹಾಕುತ್ತದೆ. ಮೂರು ಉಪಗ್ರಹಗಳ ದೂರ ಸಿಕ್ಕರೆ ಜಾಗ ಸಿಕ್ಕ ಹಾಗೆ. ಯಂತ್ರದ ಗಡಿಯಾರದ ತಪ್ಪನ್ನು ತಿದ್ದಲು ನಾಲ್ಕನೆಯದೂ ಬೇಕು. ಕೊನೆಗೆ ಉಳಿಯುವುದು ಎರಡೇ ಅಂಕಿ. ಭೂಮಧ್ಯರೇಖೆಯಿಂದ ಎಷ್ಟು ಉತ್ತರಕ್ಕೆ ಎಂಬುದು ಅಕ್ಷಾಂಶ, ಇಂಗ್ಲೆಂಡಿನ ಗೆರೆಯಿಂದ ಎಷ್ಟು ಪೂರ್ವಕ್ಕೆ ಎಂಬುದು ರೇಖಾಂಶ. "ಈ ಎರಡು ನಂಬರ್ ಇರೋ ಜಾಗ ಪ್ರಪಂಚದಲ್ಲಿ ಇನ್ನೊಂದಿಲ್ಲ ಕಣಕ್ಕಾ" ಎಂದೆ. ಪರದೆಯ ಮೂಲೆಯಲ್ಲಿ ಮೂರನೆಯ ಅಂಕಿಯೊಂದಿತ್ತು: ಐದು ಮೀಟರು ಆಚೀಚೆ ಇರಬಹುದು ಎಂದು. ಅದನ್ನು ಹೇಳಲಿಲ್ಲ.

ಏಳು ವರ್ಷದ ಮೇಲೆ ರಸ್ತೆ ಅಗಲ ಮಾಡುವವರು ಬಂದರು. ಸ್ಮಶಾನದ ಮುಂಭಾಗ ಹೋಗುತ್ತದೆ, ತಮ್ಮವರನ್ನು ತೆಗೆದುಕೊಂಡು ಹೋಗುವವರು ಮೂರು ದಿನದೊಳಗೆ ಬನ್ನಿ ಎಂದು ಊರಲ್ಲಿ ಹೇಳಿಸಿದರು. ಅಕ್ಕ ಫೋನ್ ಮಾಡಿದಳು. "ಲೋ, ನಿನ್ ಚೀಟಿ ಹಂಗೇ ಇದೆ ಕಣೋ. ಬಾ, ಮಗೂನ ಕರ್ಕೊಂಡು ಬರೋಣ."

ಅಷ್ಟು ಹೊತ್ತಿಗೆ ನನ್ನ ಬಳಿ ದೊಡ್ಡ ಯಂತ್ರವಿತ್ತು, ಕೋಲಿನ ತುದಿಗೆ ಅಣಬೆಯಂಥ ತಲೆಯಿರುವುದು. ಬೆರಳಿನಗಲ ತಪ್ಪುವುದಿಲ್ಲ. ಮೂರನೆಯ ದಿನ ಬೆಳಿಗ್ಗೆ ಅದನ್ನು ಹೊತ್ತುಕೊಂಡು ಹೋದೆ. ಭಾವ ಬರಲಿಲ್ಲ, ಇನ್ನೊಂದು ಸಲ ನೋಡಲಾರೆ ಎಂದು ಮನೆಯಲ್ಲೇ ಕೂತರು. ಅಕ್ಕ ಹೊಸ ಬಟ್ಟೆಯೊಂದನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಗುಂಡಿ ತೆಗೆಯುವ ಮುದುಕರೊಬ್ಬರು ಗುದ್ದಲಿ ಹಿಡಿದು ಬಂದರು. ಆಚೆ ಜೆಸಿಬಿ ನಿಂತಿತ್ತು.

ಚೀಟಿಯ ಅಂಕಿಯನ್ನು ಯಂತ್ರಕ್ಕೆ ಹಾಕಿ ಅದು ತೋರಿದ ಕಡೆಗೆ ನಡೆದೆ, ಅಕ್ಕ ಹಿಂದೆ. ಸ್ಮಶಾನ ದಾಟಿತು, ಬೇಲಿ ದಾಟಿತು. ಯಂತ್ರ 'ಬಂತು' ಎಂದದ್ದು ಒಂದು ಟೈರ್ ಅಂಗಡಿಯ ಮುಂದೆ. ಅಕ್ಕ ನೆಲ ನೋಡಿದಳು, ನನ್ನ ಮುಖ ನೋಡಿದಳು. "ಇಲ್ಲೇನೋ?"

ಚೀಟಿಯ ಅಂಕಿಯನ್ನು ಮತ್ತೆ ಹೋಲಿಸಿ ನೋಡಿದೆ. ಆಮೇಲೆ ಹೊಳೆಯಿತು. ಭೂಮಿ ಸರಿಯಾದ ಚೆಂಡಲ್ಲ. ಹಳೆಯ ಸರ್ವೆ ನಕ್ಷೆ ಮಾಡಿದವರು ಅದಕ್ಕೆ ಒಂದು ಆಕಾರ ಹಿಡಿದು ಅಂಕಿ ಕಟ್ಟಿದ್ದರು, ಉಪಗ್ರಹದವರು ಇನ್ನೊಂದು ಆಕಾರ ಹಿಡಿದಿದ್ದಾರೆ. ಅಂಕಿ ಒಂದೇ ಆದರೂ ಎರಡು ಲೆಕ್ಕದಲ್ಲಿ ಎರಡು ಜಾಗ, ನೂರು ಮೀಟರಿಗೂ ಹೆಚ್ಚು ದೂರ. ನಮ್ಮ ಕಚೇರಿಯ ಆ ಹಳೆಯ ಯಂತ್ರ ಹಳೆಯ ನಕ್ಷೆಯ ಲೆಕ್ಕದಲ್ಲಿತ್ತು, ನಾನು ಅದನ್ನು ಚೀಟಿಯಲ್ಲಿ ಬರೆದಿರಲಿಲ್ಲ. ಅಲ್ಲೇ ಕೂತು ಅಂಕಿಯನ್ನು ಹೊಸ ಯಂತ್ರದ ಲೆಕ್ಕಕ್ಕೆ ಬದಲಾಯಿಸಿದೆ. ಈ ಸಲ ಅದು ಸ್ಮಶಾನದೊಳಗೆ, ಮಕ್ಕಳ ಸಾಲಿಗೇ ಕರೆದುಕೊಂಡು ಹೋಯಿತು.

ಆದರೆ ಅಂದು ಐದು ಮೀಟರು ಸಡಿಲವಾಗಿ ಬರೆದುಕೊಂಡ ಜಾಗವನ್ನು ಇಂದು ಬೆರಳಿನಗಲಕ್ಕೆ ಹುಡುಕಿದರೆ ಏನು ಬಂತು? ಸುತ್ತಲೂ ಐದು ಮೀಟರು ಎಂದರೆ ಆ ನೆಲದಲ್ಲಿ ಎಷ್ಟು ಮಕ್ಕಳೋ. ಮುದುಕರು ಕಾಲಿನಿಂದ ಮಣ್ಣು ಸವರಿ ನೋಡಿ, "ಇಂಗೆ ನೋಡುದ್ರೆ ಎಲ್ಲಾ ಒಂದೇ ಥರ ಅದೆ ಸ್ವಾಮಿ. ಎಲ್ಲಿ ಅಗೀಲಿ, ನೀವೇ ಏಳಿ" ಎಂದರು.

"ಸರಿಯಾಗಿ ಇಲ್ಲೇ ತಾನೆ?" ಎಂದಳು ಅಕ್ಕ.

"ಇಲ್ಲೇ" ಎಂದೆ. ಗೊತ್ತಿಲ್ಲ ಎನ್ನುವುದಕ್ಕೆ ನಾಲಿಗೆ ಏಳಲಿಲ್ಲ.

ಸೊಂಟದ ಮಟ್ಟ ಅಗೆದ ಮೇಲೆ ಮುದುಕರು ಗುದ್ದಲಿ ಬಿಟ್ಟು ಕೈಯಿಂದ ಮಣ್ಣು ತೆಗೆದರು. ಸಣ್ಣ ಸಣ್ಣ ಮೂಳೆಗಳು. ಅಕ್ಕ "ಅಯ್ಯೋ ಕಂದಾ" ಎಂದು ಕುಸಿದು ಕೂತು ಬಟ್ಟೆ ಹಾಸಿದಳು. ಆಗ ಮುದುಕರ ಬೆರಳಿಗೆ ಕಪ್ಪಾದ ಬೆಳ್ಳಿ ಕಾಲ್ಗೆಜ್ಜೆ ಸಿಕ್ಕಿತು. ನಮ್ಮ ಮಗುವಿನ ಮೈಮೇಲಿದ್ದುದನ್ನೆಲ್ಲ ಅಕ್ಕ ತನ್ನ ಕೈಯಾರೆ ಬಿಚ್ಚಿ ಕಳಿಸಿದ್ದಳು.

"ಯಾರಾದ್ರೂ ಆಮೇಲೆ ಹಾಕಿರ್ಬೋದು ಅಕ್ಕ" ಎಂದೆ. ಥೂ, ಎಂಥ ಮಾತು.

ಅಕ್ಕ ಗೆಜ್ಜೆಯಿಂದ ತಲೆಯೆತ್ತಿದಳು. "ನಿಂಗೆ ಗೊತ್ತಿರ್ಲಿಲ್ಲ ಅಲ್ವಾ? ಸುಮ್ನೆ ಹೇಳ್ದೆ."

ಅವಳು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಎದ್ದು ಪಕ್ಕದಲ್ಲಿ ಅಗೆಯಿರಿ ಎಂದಳು. ಅಲ್ಲಿ ಏನೂ ಸಿಗಲಿಲ್ಲ. ಇನ್ನೊಂದು ಕಡೆ ನಾನೇ ಗುದ್ದಲಿ ತೆಗೆದುಕೊಂಡು ಹುಚ್ಚನ ಹಾಗೆ ಅಗೆದೆ, ಬರೀ ಕಲ್ಲು. ರಸ್ತೆ ಕೆಲಸದ ಮೇಸ್ತ್ರಿ ಎರಡು ಸಲ ಬಂದು ನಿಂತು ಹೋದವನು ಮೂರನೆಯ ಸಲ, "ಅಮ್ಮಾ, ಇನ್ನು ಆಗಲ್ಲ. ಲಾರಿಗಳು ನಿಂತವೆ" ಎಂದು ಕೈ ಮುಗಿದ.

ನಾನು ಮೊದಲ ಗುಂಡಿಗೆ ಮಣ್ಣು ಎಳೆಯಹೋದೆ. ಅಕ್ಕ ನನ್ನ ಕೈ ತಳ್ಳಿದಳು. "ಇದನ್ನ ಜೆಸಿಬಿ ಬಾಯಿಗೆ ಹಾಕಿ ಹೋಗ್ಲಾ? ಇದನ್ನೂ ಯಾರೋ ಹೆತ್ತಿದ್ದಾರೆ ಕಣೋ." ಮಗಳಿಗೆ ತಂದಿದ್ದ ಬಟ್ಟೆಯಲ್ಲಿ ಆ ಮೂಳೆಗಳನ್ನೂ ಗೆಜ್ಜೆಯನ್ನೂ ಸುತ್ತಿಕೊಂಡಳು. ವಿದ್ಯಾರಣ್ಯಪುರದ ಆಚೆ ಭಾವನ ಮನೆಯವರಿಗೆ ಉಳಿದಿದ್ದ ತುಂಡು ಜಮೀನಿನಲ್ಲಿ ಅವತ್ತೇ ಮಣ್ಣು ಮಾಡಿದೆವು. ಭಾವನಿಗೆ ಗೆಜ್ಜೆಯ ವಿಷಯ ಇಂದಿಗೂ ತಿಳಿಯದು. ಪ್ರತಿ ವರ್ಷ ಹಾಲು ತುಪ್ಪ ಬಿಡುವಾಗ ಮಗಳ ಹೆಸರು ಹಿಡಿದು ಕರೆಯುತ್ತಾರೆ, ಅಕ್ಕ ಸುಮ್ಮನೆ ನಿಂತಿರುತ್ತಾಳೆ.

ರಸ್ತೆ ಮುಗಿದ ಮೇಲೆ ಒಂದು ದಿನ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೆಬ್ಬಾಳಕ್ಕೆ ಹೊರಟೆ. ಕೊಡಿಗೇಹಳ್ಳಿ ತಿರುವು ಬಂದಾಗ ಅಕ್ಕ ಚಪ್ಪಲಿ ಕಳಚಿ, ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡಳು.

"ಎಲ್ಲಿಂದ ಎಲ್ಲೀವರ್ಗೂ ಕಣೋ?" ಎಂದಳು.

ಸ್ಮಶಾನದ ಮಣ್ಣನ್ನು ಬಾಚಿ ರಸ್ತೆಯುದ್ದಕ್ಕೂ ತುಂಬಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಹೆಬ್ಬಾಳ ಬರುವವರೆಗೂ ಅವಳು ಕಾಲು ಕೆಳಗಿಡಲಿಲ್ಲ.