ತೋಟಪ್ಪ ಕೊರೆದ ನಾಲ್ಕು ಗಿಯರು

ಬೆಳಿಗ್ಗೆ ಹತ್ತರ ಸುಮಾರಿಗೆ ತೋಟಪ್ಪ ಬೆಟಗೇರಿಯ ತನ್ನ ಲೇತ್ ಅಂಗಡಿಯಲ್ಲಿ ಕುಳಿತು ಒಂದು ಚಿಟಿಕೆ ಕುಂಕುಮವನ್ನು ಮಷೀನ್ ಎಣ್ಣೆಯಲ್ಲಿ ಕಲಸುತ್ತಾನೆ. ಅದನ್ನು ಬೆರಳ ತುದಿಯಿಂದ ಒಂದು ಗಿಯರಿನ ಹಲ್ಲುಗಳಿಗೆ ತೆಳ್ಳಗೆ ಸವರಿ, ಅದರ ಜೋಡಿ ಗಿಯರಿಗೆ ಕೂಡಿಸಿ, ಕೈಯಿಂದಲೇ ಒಂದು ಸುತ್ತು ತಿರುಗಿಸುತ್ತಾನೆ. ಬಿಚ್ಚಿ ನೋಡಿದಾಗ ಜೋಡಿಯ ಯಾವ ಹಲ್ಲಿಗೆ ಕೆಂಪು ದಟ್ಟವಾಗಿ ಅಂಟಿದೆಯೋ ಅಲ್ಲಿ ಬಿಗಿ ಇದೆ ಎಂದು ಅರ್ಥ. ಅಲ್ಲಿ ಕಾನಸು ಎಂಬ ಅರದಿಂದ ಎರಡು ಸಲ ಉಜ್ಜುತ್ತಾನೆ. ಮತ್ತೆ ಕುಂಕುಮ, ಮತ್ತೆ ಒಂದು ಸುತ್ತು. ಹೀಗೆ ಒಂದು ಜೋಡಿ ಪರಸ್ಪರ ಒಗ್ಗಲು ಅರ್ಧ ದಿನ ಹಿಡಿಯುತ್ತದೆ. ಒಗ್ಗಿದ ಮೇಲೆ ಎರಡರ ಮೇಲೂ ಪಂಚಿನಿಂದ ಒಂದೊಂದು ಚುಕ್ಕಿ ಹೊಡೆಯುತ್ತಾನೆ. ಅದೇ ಯಂತ್ರಕ್ಕೆ ಇನ್ನೊಂದು ಜೋಡಿ ಇದ್ದರೆ ಅದಕ್ಕೆ ಎರಡೆರಡು ಚುಕ್ಕಿ.

ಐವತ್ತೆರಡು ವರ್ಷದ ತೋಟಪ್ಪ ನೇಕಾರರ ಮನೆಯವನು. ಅಪ್ಪ ಸೀರೆ ನೇಯುತ್ತಿದ್ದ. ಮಗ ಮಗ್ಗದ ಮುಂದೆ ಕೂರುವುದನ್ನು ಬಿಟ್ಟು ಮಗ್ಗ ರಿಪೇರಿ ಕಲಿತ. ಮೂವತ್ತೊಂದು ವರ್ಷದಿಂದ ಬೆಟಗೇರಿಯಲ್ಲಿ, ಶಿಗ್ಲಿಯಲ್ಲಿ ಪವರ್‌ಲೂಮ್ ನಿಂತರೆ ಅವನಿಗೆ ಫೋನು ಬರುತ್ತದೆ. ಚುಕ್ಕಿಗಳ ಅರ್ಥವನ್ನು ಅವನು ಯಾವ ಮಗ್ಗದ ಮಾಲೀಕನಿಗೂ ಹೇಳಿದವನಲ್ಲ. ಅವನಿಗೆ ಕಲಿಸಿದ ಮಿಸ್ತ್ರಿಯೂ ಹೇಳುತ್ತಿರಲಿಲ್ಲ. ಬಿಚ್ಚುವವನೂ ಕೂಡಿಸುವವನೂ ಮಿಸ್ತ್ರಿಯೇ ಆದಮೇಲೆ ಮಾಲೀಕನಿಗೆ ಅದು ಯಾಕೆ ಬೇಕು? ಹೇಳದಿದ್ದರೆ ಮುಂದಿನ ಸಲವೂ ತನ್ನನ್ನೇ ಕರೆಯುತ್ತಾರೆ ಎಂಬುದೂ ಅದರೊಳಗೆ ಇತ್ತು. ಆದರೆ ಆ ಮಾತನ್ನು ಕಸುಬಿನಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ.

ಈ ಫೆಬ್ರುವರಿಯಿಂದೀಚೆಗೆ ಚುಕ್ಕಿ ಹೊಡೆಯುವ ಮೊದಲು ಅವನ ಕೈ ಸ್ವಲ್ಪ ತಡೆಯುತ್ತದೆ. ಪಕ್ಕದ ವೆಲ್ಡಿಂಗ್ ಅಂಗಡಿಯ ಮರ್ದಾನಸಾಬ ಅದನ್ನು ಗಮನಿಸಿದ್ದಾನೆ. ಎಲ್ಲದಕ್ಕೂ ಚೇಷ್ಟೆ ಮಾಡುವ ಅವನು ಇದೊಂದಕ್ಕೆ ಮಾಡಿಲ್ಲ.

ತೋಟಪ್ಪನ ಅಕ್ಕ ಅನ್ನವ್ವನನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಿದೆ. ಅವಳ ಮಗಳು ಐಶ್ವರ್ಯಾ ಅಲ್ಲಿಯ ಹೈಸ್ಕೂಲಿನಲ್ಲಿ ಹತ್ತನೆಯ ತರಗತಿ. ಡಿಸೆಂಬರಿನಲ್ಲಿ ಆ ಶಾಲೆಗೆ ಒಂದು ಟ್ರಸ್ಟಿನಿಂದ ದೊಡ್ಡ ಡಬ್ಬಿ ಬಂತು. ಅದರೊಳಗೆ ಪುಟ್ಟ ರೋಬೋಟ್ ಒಂದನ್ನು ಓಡಿಸಲು ಬೇಕಾದುದೆಲ್ಲ ಇತ್ತು: ಅಲ್ಯೂಮಿನಿಯಂ ಚೌಕಟ್ಟು, ಮೋಟರುಗಳು, ಪ್ಲಾಸ್ಟಿಕ್ ಗಿಯರುಗಳು, ರಬ್ಬರ್ ಗಾಲಿಗಳು, ಹೇಗೆ ಕೂಡಿಸಬೇಕೆಂಬ ಚಿತ್ರದ ಪುಸ್ತಕ. ಜಿಲ್ಲೆಯ ಎಷ್ಟೋ ಶಾಲೆಗಳಿಗೆ ಅದೇ ಡಬ್ಬಿ ಹೋಗಿತ್ತು. ಫೆಬ್ರುವರಿಯಲ್ಲಿ ಗದಗಿನಲ್ಲಿ ಸ್ಪರ್ಧೆ. ಎರಡೂವರೆ ನಿಮಿಷದಲ್ಲಿ ಉಸುಕಿನ ಚೀಲಗಳನ್ನು ಇಳಿಜಾರು ಹಲಗೆಯ ಮೇಲಕ್ಕೆ ತಳ್ಳಿ ತುದಿಯ ಕಟ್ಟೆಗೆ ಮುಟ್ಟಿಸಬೇಕು. ಮೊದಲ ಎರಡು ತಂಡಗಳಿಗೆ ಮೈಸೂರಿನ ರಾಜ್ಯಮಟ್ಟ. ಡಬ್ಬಿಯ ಸಾಮಾನೇ ಬಳಸಬೇಕೆಂದಿಲ್ಲ, ಸ್ವಂತ ಭಾಗಗಳನ್ನೂ ಮಾಡಿಕೊಳ್ಳಬಹುದು.

ಐಶ್ವರ್ಯಾಳಿಗೆ ಮೈಸೂರಿಗೆ ಹೋಗಬೇಕಿತ್ತು. ಆ ಶಾಲೆ ಹತ್ತನೆಯ ತರಗತಿಗೇ ಮುಗಿಯುತ್ತದೆ. ಇದೊಂದೇ ಅವಕಾಶ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಒಂದು ಭಾನುವಾರ ಊರಿಗೆ ಬಂದ ಸೋದರಮಾವನನ್ನು ಅವಳು ಕೇಳಿದ್ದು ಇಷ್ಟೇ: ಈ ಗಿಯರು ಏರು ಹತ್ತುವಾಗ ಸೋಲುತ್ತದೆಯೇ? ತೋಟಪ್ಪ ಪ್ಲಾಸ್ಟಿಕ್ ಗಿಯರನ್ನು ಬೆಳಕಿಗೆ ಹಿಡಿದು ತಿರುಗಿಸಿ ನಕ್ಕ.

"ಇದು ರೆಡಿಮೇಡ್ ಅಂಗಿ ಇದ್ದಂಗ ಐತಿ. ಎಲ್ಲಾರ ಮೈಗೂ ಬರ್ತೈತಿ, ಯಾರಿಗೂ ಸರಿ ಕುಂಡ್ರೂದಿಲ್ಲ. ನಿನ್ನ ಅಳತಿಗೆ ನಾ ಮಾಡಿಕೊಡ್ತೀನಿ."

ಕೇಳದೇ ಇದ್ದ ಪ್ರಶ್ನೆಗೆ ತಾನು ಉತ್ತರ ಕೊಟ್ಟೆ ಎಂದು ಅವನಿಗೆ ಈಗ ಅನಿಸುತ್ತದೆ.

ಮುಂದಿನ ವಾರ ವಿಜ್ಞಾನದ ಶಿಕ್ಷಕಿ ಶಿವರಂಜನಿ ಮೂವರು ಹುಡುಗಿಯರನ್ನು ಕರೆದುಕೊಂಡು ಬೆಟಗೇರಿಗೇ ಬಂದರು. ಐಶ್ವರ್ಯಾ, ಸ್ನೇಹಾ, ದಿನಾ ಬೆಳ್ಳಟ್ಟಿಯಿಂದ ಬಸ್ಸಿನಲ್ಲಿ ಶಾಲೆಗೆ ಬರುವ ವಿದ್ಯಾಶ್ರೀ. ಶಿವರಂಜನಿಯವರಿಗೆ ಡಬ್ಬಿಯ ಸೆಟ್ಟೇ ಬೇಕಿತ್ತು. ಅವರು ಚಹಾ ಕುಡಿದು, ಲೋಟ ಕೆಳಗಿಟ್ಟು, ನೇರವಾಗಿಯೇ ಹೇಳಿದರು.

"ಇರೂದು ಆರು ವಾರ್ರಿ. ಗಾಲಿ ಗಿಯರಿನಾಗ ನಾಕು ವಾರ ಹೋದ್ರ ಹುಡುಗ್ಯಾರು ಓಡಸಾಕ ಕಲಿಯೂದು ಯಾವಾಗ? ಡಬ್ಬ್ಯಾಗಿಂದಾದ್ರ ಕೆಟ್ಟದ್ದು ತಗದು ಹೊಸಾದು ಹಾಕಬಹುದು."

"ಕೆಟ್ರ ನಾ ಅದೀನಲ್ರಿ ಅಕ್ಕಾರ," ಎಂದ ತೋಟಪ್ಪ.

ಮರ್ದಾನಸಾಬ ತನ್ನ ಅಂಗಡಿಯಿಂದಲೇ, ಇವನನ್ನ ಮಗ್ಗದವರು ಮೂರು ದಿನ ಕಾಯ್ತಾರ್ರಿ ಟೀಚರ್, ನಿಮಗ ಎಷ್ಟು ದಿನಕ್ಕ ಬರ್ತಾನೋ ನೋಡ್ರಿ, ಎಂದು ಕಾಲೆಳೆದ. ಎಲ್ಲರೂ ನಕ್ಕರು. ಶಿವರಂಜನಿ ಹುಡುಗಿಯರ ಕಡೆ ನೋಡಿದರು. ತಂಡದ ತೀರ್ಮಾನ ತಂಡದ್ದೇ ಎಂಬುದು ಅವರು ಮೊದಲ ದಿನವೇ ಹಾಕಿಕೊಟ್ಟ ಪದ್ಧತಿ. ಐಶ್ವರ್ಯಾ ಮಾವನ ಮುಖ ನೋಡಿ, ಮಾಮಾ ಮಾಡಲಿ ಬಿಡ್ರಿ ಎಂದಳು. ಆ ಕ್ಷಣ ಅವಳು ನೋಡಿದ್ದು ತನ್ನ ಮುಖವನ್ನು, ಗಿಯರನ್ನಲ್ಲ ಎಂಬುದು ತೋಟಪ್ಪನಿಗೆ ಆಗ ಸಂತೋಷ ಕೊಟ್ಟಿತ್ತು.

ಡಬ್ಬಿ ಶಾಲೆಯ ಕಪಾಟು ಸೇರಿತು. ತೋಟಪ್ಪ ಉಕ್ಕಿನಲ್ಲಿ ನಾಲ್ಕು ಗಿಯರು ಕೊರೆದ: ಎಡ ಗಾಲಿಗೆ ಒಂದು ಜೋಡಿ, ಬಲ ಗಾಲಿಗೆ ಒಂದು ಜೋಡಿ. ಪ್ರತಿ ಜೋಡಿಯಲ್ಲೂ ಸಣ್ಣದು ಮೋಟರಿಗೆ, ದೊಡ್ಡದು ಗಾಲಿಗೆ. ಮೂರು ವಾರ ಹಿಡಿಯಿತು. ಬದಲಿ ಎಂದು ಐದನೆಯದನ್ನು ಮಾಡಲಿಲ್ಲ. ಜೋಡಿಗೆ ಒಗ್ಗಿಸದ ಗಿಯರು ಅವನ ಲೆಕ್ಕದಲ್ಲಿ ಗಿಯರೇ ಅಲ್ಲ.

ಕೆಲಸವೇನೂ ಸುಳ್ಳಾಗಲಿಲ್ಲ. ಡಬ್ಬಿಯ ಸೆಟ್ಟಿನ ರೋಬೋಟುಗಳು ಏರಿನಲ್ಲಿ ಒಂದು ಚೀಲ ತಳ್ಳಿದರೆ ಇವರದು ಎರಡು ತಳ್ಳುತ್ತಿತ್ತು. ಶಿವರಂಜನಿಯವರೂ ಅದನ್ನು ಒಪ್ಪಿ ಫೋನು ಮಾಡಿ ಹೇಳಿದರು. ಗಿಯರು ಕೂಡಿಸಿದ ದಿನ ಐಶ್ವರ್ಯಾ, ಮಾಮಾ ಈ ಚುಕ್ಕಿ ಯಾಕ ಎಂದು ಕೇಳಿದ್ದಳು.

"ನಮ್ಮ ಕೆಲಸದ ಗುರ್ತು ಅದು. ನಿನಗ್ಯಾಕವ್ವಾ, ನಾ ಇರ್ತೀನಲ್ಲ."

ಸ್ಪರ್ಧೆ ನಡೆದದ್ದು ಗದಗಿನ ಒಂದು ಕಾಲೇಜಿನ ಸಭಾಂಗಣದಲ್ಲಿ, ಶನಿವಾರ. ಹದಿನಾಲ್ಕು ತಂಡ. ತೋಟಪ್ಪ ಅಂಗಡಿ ಮುಚ್ಚಿ, ಕಾನಸು, ಪಂಚು, ಸ್ಪ್ಯಾನರುಗಳ ಚೀಲ ಹಿಡಿದು ಎಂಟೂವರೆಗೇ ಹೋಗಿದ್ದ. ತಂಡಗಳು ರಿಪೇರಿ ಮಾಡಿಕೊಳ್ಳುವ ಜಾಗಕ್ಕೆ ಹಗ್ಗ ಕಟ್ಟಿದ್ದರು. ಒಳಗೆ ವಿದ್ಯಾರ್ಥಿಗಳು ಮತ್ತು ಒಬ್ಬ ಶಿಕ್ಷಕರು ಮಾತ್ರ. ಒಮ್ಮೆ ಒಳಗೆ ಹೋದವರು ಕೊನೆಯ ಸುತ್ತಿನವರೆಗೆ ಹೊರಗೆ ಬರುವಂತಿಲ್ಲ, ಮೊಬೈಲು ಬಾಗಿಲಲ್ಲೇ ಕೊಡಬೇಕು. ಈ ನಿಯಮವನ್ನು ಅವನಿಗೆ ಯಾರೂ ಹೇಳಿರಲಿಲ್ಲ; ಅವನೂ ಕೇಳಿರಲಿಲ್ಲ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಪಾಲಕರ ನಡುವೆ ಕುಳಿತ.

ಹತ್ತು ಗಂಟೆಗೆ ತಪಾಸಣೆ. ಮೋಟರು ಹೊರತೆಗೆದು ತೋರಿಸಿ ಎಂದರು ತಪಾಸಕರು. ಹುಡುಗಿಯರು ಎರಡೂ ಮೋಟರು ಬಿಚ್ಚಿ, ಅವುಗಳ ತುದಿಯ ಸಣ್ಣ ಗಿಯರುಗಳ ಸಮೇತ ಒಂದೇ ತಟ್ಟೆಯಲ್ಲಿಟ್ಟರು. ಮತ್ತೆ ಕೂಡಿಸಿದರು. ತೋಟಪ್ಪನಿಗೆ ಅಷ್ಟು ದೂರದಿಂದ ಯಾವುದು ಎಲ್ಲಿಗೆ ಹೋಯಿತೆಂದು ಕಾಣಲಿಲ್ಲ.

ಮೊದಲ ಸುತ್ತಿನಲ್ಲಿ ಅದು ಕಿವಿಗೆ ಕೇಳಿಸಿತು. ಗಾಲಿ ಒಂದು ಸುತ್ತು ತಿರುಗಿದಾಗಲೊಮ್ಮೆ ಕಟ್ ಎಂಬ ಸಣ್ಣ ಸದ್ದು. ಸಣ್ಣ ಗಿಯರುಗಳು ಅದಲುಬದಲಾಗಿವೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಉಳಿದವರಿಗೆ ಅದು ಸದ್ದೇ ಅಲ್ಲ. ಐಶ್ವರ್ಯಾಳ ರೋಬೋಟ್ ಆರು ಚೀಲ ಮುಟ್ಟಿಸಿ ಮೊದಲ ಸ್ಥಾನದಲ್ಲಿತ್ತು. ಜನ ಚಪ್ಪಾಳೆ ತಟ್ಟಿದರು. ತೋಟಪ್ಪ ಎದ್ದು ಹಗ್ಗದ ಹತ್ತಿರ ಹೋಗಿ, ಅಲ್ಲಿ ನಿಂತಿದ್ದ ಕಾಲೇಜು ಹುಡುಗಿಗೆ ಒಂದೇ ಮಾತು ಒಳಗೆ ಮುಟ್ಟಿಸಬೇಕೆಂದು ಕೇಳಿದ.

"ಆಗೂದಿಲ್ರಿ ಕಾಕಾ. ಹೊರಗಿನ ಮಾತು ಒಳಗ ಹೋದ್ರ ಆ ತಂಡಾನ ತಗದು ಹಾಕ್ತಾರ."

ಅವನು ತಿರುಗಿ ಬಂದು ಕುಳಿತ. ಹಗ್ಗದ ಹತ್ತಿರದಿಂದ ಕೂಗಿದ್ದರೆ ಐದೇ ಹೆಜ್ಜೆಯಾಚೆ ಅವರಿಗೆ ಕೇಳಿಸುತ್ತಿತ್ತು. ಕೂಗಲಿಲ್ಲ. ಎರಡನೆಯ ಸುತ್ತಿನಲ್ಲಿ ಸದ್ದು ದೊಡ್ಡದಾಯಿತು, ಚೀಲ ನಾಲ್ಕಕ್ಕೆ ಇಳಿಯಿತು. ಮೂರನೆಯ ಸುತ್ತಿನ ಅರ್ಧದಲ್ಲಿ ಎಡಗಡೆಯ ಸಣ್ಣ ಗಿಯರಿನ ಮೂರು ಹಲ್ಲು ಹಾರಿದವು. ರೋಬೋಟ್ ಒಂದೇ ಗಾಲಿಯ ಬಲದಲ್ಲಿ ನಿಂತಲ್ಲೇ ಗಿರಕಿ ಹೊಡೆಯತೊಡಗಿತು.

ಕೊನೆಯ ಸುತ್ತಿಗೆ ಹತ್ತು ನಿಮಿಷ ಇತ್ತು. ಅದೇ ಹೊತ್ತಿಗೆ ಪಕ್ಕದ ಮೇಜಿನಲ್ಲಿ ಮುಂಡರಗಿಯ ತಂಡದ ಗಿಯರೂ ಒಡೆದಿತ್ತು. ಅವರು ತಮ್ಮ ಡಬ್ಬಿಯ ಬದಲಿ ಮುಗಿದಿದೆ ಎಂದು ಶಿರಹಟ್ಟಿಯ ತಂಡದಿಂದ ಒಂದು ಈಸಿಕೊಂಡು ಆರು ನಿಮಿಷಕ್ಕೆ ಕೂಡಿಸಿಬಿಟ್ಟರು. ಎಲ್ಲರದೂ ಒಂದೇ ಡಬ್ಬಿ, ಒಂದೇ ಅಳತೆ. ಮುಂಡರಗಿಯ ಹುಡುಗ ನಯಾಜ, ಶಿರಹಟ್ಟಿಯವರ ಹತ್ತಿರ ಇನ್ನೂ ಒಂದಿದೆ ಎಂದು ಅದನ್ನೂ ತಂದು ಐಶ್ವರ್ಯಾಳ ಕೈಗೆ ಕೊಟ್ಟ. ಅವಳು ಅದನ್ನು ಮೋಟರಿಗೆ ಹಿಡಿದು ನೋಡಿದಳು. ತೂತಿನ ಅಳತೆ ಬೇರೆ, ಹಲ್ಲಿನ ಅಳತೆ ಬೇರೆ. ಥ್ಯಾಂಕ್ಸ್ ಹೇಳಿ ವಾಪಸು ಕೊಟ್ಟಳು. ಉಳಿದ ನಿಮಿಷಗಳು ಹಾಗೇ ಮುಗಿದವು; ಕೊನೆಯ ಸುತ್ತಿಗೆ ಅವರ ರೋಬೋಟ್ ಇಳಿಯಲಿಲ್ಲ. ಮುಂಡರಗಿ ಎರಡನೆಯದಾಯಿತು. ಲಕ್ಷ್ಮೇಶ್ವರ ಐದನೆಯದು.

ಸಂಜೆ ಬಸ್ಸಿಗೆ ಕಾಯುವಾಗ ತೋಟಪ್ಪ ಆ ಮಾತು ಹೇಳಿದ. ತಂಡದ ಎದುರಿಗೇ, ಶಿವರಂಜನಿಯವರಿಗೂ ಕೇಳುವಂತೆ.

"ಒಂದು ಚುಕ್ಕಿ ಒಂದು ಚುಕ್ಕಿಗೇ ಕೂಡಬೇಕಿತ್ತವ್ವಾ. ಎರಡು ಚುಕ್ಕಿ ಎರಡು ಚುಕ್ಕಿಗೆ. ಅಷ್ಟ."

ಐಶ್ವರ್ಯಾ ಸಿಟ್ಟಿಲ್ಲದೆ, "ನಾ ಕೇಳಿದ್ನಲ್ಲ ಮಾಮಾ," ಎಂದಳು.

ಶಿವರಂಜನಿ ಬೇರೆ ಕಡೆ ನೋಡುತ್ತಿದ್ದರು. ನಾ ಹೇಳಿದ್ದೆ ಎಂಬ ಮಾತು ಅವರ ಬಾಯಿಂದ ಆ ದಿನವೂ ಬರಲಿಲ್ಲ, ಆಮೇಲೂ ಬಂದಿಲ್ಲ. ಬಂದಿದ್ದರೆ ತನಗೆ ಸ್ವಲ್ಪ ಹಗುರಾಗುತ್ತಿತ್ತು ಎನ್ನುತ್ತಾನೆ ತೋಟಪ್ಪ. ಡಬ್ಬಿಯದೇ ಹಾಕಿದ್ದರೆ ಗೆಲ್ಲುತ್ತಿದ್ದರು ಎಂದು ಅವನು ಹೇಳುವುದಿಲ್ಲ. ಅದು ಯಾರಿಗೂ ಗೊತ್ತಿಲ್ಲ. ಕೊನೆಯ ಸುತ್ತನ್ನು ಆಡುತ್ತಿದ್ದರು, ಅಷ್ಟು ಖರೆ.

ಏಪ್ರಿಲ್ಲಿನಲ್ಲಿ ಅನ್ನವ್ವ ಎರಡು ಸಲ ಊಟಕ್ಕೆ ಕರೆದಳು. ಶಿಗ್ಲಿಯಲ್ಲಿ ಕೆಲಸವಿದೆ ಎಂದು ಎರಡೂ ಸಲ ತಪ್ಪಿಸಿಕೊಂಡ. ಶಿಗ್ಲಿಯಿಂದ ಲಕ್ಷ್ಮೇಶ್ವರ ಎಷ್ಟು ಹತ್ತಿರ ಎಂಬುದು ಅಕ್ಕನಿಗೂ ಗೊತ್ತು, ಹೀಗಾಗಿ ಮೂರನೆಯ ಸಲ ಅವಳು ಕರೆಯಲಿಲ್ಲ.

ಶಾಲೆಯ ಡಬ್ಬಿಯನ್ನು ಜೂನಿನಲ್ಲಿ ಒಂಬತ್ತನೆಯ ತರಗತಿಯವರು ತೆರೆಯುತ್ತಾರೆ. ಐಶ್ವರ್ಯಾ ಅದೇ ತಿಂಗಳು ಗದಗಿನ ಒಂದು ಪಿಯು ಕಾಲೇಜಿಗೆ ಹೆಸರು ಹಚ್ಚುತ್ತಾಳೆ. ಆ ಕಾಲೇಜಿನಲ್ಲಿ ರೋಬೋಟ್ ತಂಡ ಇಲ್ಲ.